ಲಿಂಗ ಪರಿವರ್ತನೆ: ನಿರ್ಧಾರದ ಹಕ್ಕು (ಕರ್ನಾಟಕ)

ಹುಟ್ಟಿದಾಗ ಗುರುತಿಸಿದ ಲಿಂಗವನ್ನು ಬಿಟ್ಟು ಬೇರೆ ಲಿಂಗತ್ವದಲ್ಲಿ ಬಾಳುವ ತೀರ್ಮಾನ ಯಾರದ್ದು ಎಂಬ ಪ್ರಶ್ನೆ ಕರ್ನಾಟಕಕ್ಕೆ ಆಸ್ಪತ್ರೆಗಳ ಮೂಲಕ ಬಂದದ್ದಲ್ಲ. ಉತ್ತರ ಕರ್ನಾಟಕದಲ್ಲಿ ದೇವಿಗೆ ಒಪ್ಪಿಸಿಕೊಂಡ ಜೋಗಪ್ಪಂದಿರಲ್ಲಿ ಆ ತೀರ್ಮಾನ ದೇವಿಯದು. ಸವದತ್ತಿ ಯಲ್ಲಮ್ಮನೋ ಹುಲಿಗೆಮ್ಮನೋ ಮೈಮೇಲೆ ಬಂದಳೆಂದು ನಂಬಿದರೆ ಉಡಿದಾರ ಹರಿದು, ಸೀರೆ ಉಡಿಸಿ, ಬಳೆ ತೊಡಿಸಿ, ಮುತ್ತು ಕಟ್ಟಿ ದೇವಿಗೆ ಸಮರ್ಪಿಸುತ್ತಾರೆ. ಶಸ್ತ್ರಕ್ರಿಯೆ ಕಡ್ಡಾಯವಲ್ಲ. 1970ರ ದಶಕದಲ್ಲಿ ಮಂಜಮ್ಮ ಜೋಗತಿ ಅವರಿಗೆ ಹುಲಿಗಿಯಲ್ಲಿ ಮುತ್ತು ಕಟ್ಟಿಸಿದವರು ಹೆತ್ತವರೇ. ಆಗ ಮಂಜಮ್ಮ ಅವರಿಗಿನ್ನೂ ಹದಿಹರೆಯ. ಮಗನನ್ನೇ ಕಳೆದುಕೊಂಡೆನೆಂದು ತಾಯಿ ಗೋಳಾಡಿದ್ದನ್ನು ಅವರು ಹೇಳಿಕೊಂಡಿದ್ದಾರೆ. ಮನೆ ಬಿಟ್ಟು, ಭಿಕ್ಷೆ ಬೇಡಿ, ಜೋಗತಿ ನೃತ್ಯ ಕಲಿತ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದ 1982ರ ರಾಜ್ಯ ಕಾಯ್ದೆ ಹೆಣ್ಣುಮಕ್ಕಳನ್ನಷ್ಟೇ ಹೆಸರಿಸಿತು. ಗಂಡೆಂದು ಎಣಿಸಲಾದ ಮಕ್ಕಳ ಒಪ್ಪಿಗೆಯ ಮಾತು ಅದರಲ್ಲಿ ಬರಲೇ ಇಲ್ಲ.

ಬೆಂಗಳೂರಿನ ಸ್ನಾನಗೃಹಗಳಾದ ಹಮಾಮ್‌ಗಳ ಹಿಜ್ರಾ ಸಮುದಾಯದಲ್ಲಿ ಗುರುವಿನ ಮಾತು ನಡೆಯುತ್ತಿತ್ತು. ನಿರ್ವಾಣ ಎಂದು ಕರೆಯುವ ಶಸ್ತ್ರಕ್ರಿಯೆಯನ್ನು ಹಿಂದೆ ದಾಯಮ್ಮ ಎಂದು ಕರೆಯುವ ಸಮುದಾಯದ ಹಿರಿಯರು ಅರಿವಳಿಕೆಯಿಲ್ಲದೆ ಮಾಡುತ್ತಿದ್ದರು. ಆಮೇಲೆ ಖಾಸಗಿ ವೈದ್ಯರು ಗುಟ್ಟಾಗಿ ಮಾಡತೊಡಗಿದರು. ನೆರೆಯ ತಮಿಳುನಾಡು 2008ರ ಹೊತ್ತಿಗೆ ಇದನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಒದಗಿಸಿತು.

ವಯಸ್ಕರ ಮಟ್ಟಿಗೆ ತಿರುವು ಬಂದದ್ದು 2014ರ ಏಪ್ರಿಲ್ 15ರಂದು. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ (ನಾಲ್ಸಾ) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಲಿಂಗತ್ವವನ್ನು ಅವರವರೇ ಘೋಷಿಸಿಕೊಳ್ಳಬಹುದು, ಅದಕ್ಕೆ ಶಸ್ತ್ರಚಿಕಿತ್ಸೆಯ ಷರತ್ತು ಹಾಕುವುದು ಕಾನೂನುಬಾಹಿರ ಎಂದಿತು. ಆದರೆ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆಯ 2019ರ ಕೇಂದ್ರ ಕಾಯ್ದೆ ಟ್ರಾನ್ಸ್‌ಜೆಂಡರ್ ಪ್ರಮಾಣಪತ್ರಕ್ಕೆ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕೆಂದಿತು. ಗಂಡು ಅಥವಾ ಹೆಣ್ಣೆಂದು ಬರೆಸಿಕೊಳ್ಳಲು ಶಸ್ತ್ರಚಿಕಿತ್ಸೆಯ ದಾಖಲೆ ಕೇಳಿತು. ಕೊಟ್ಟ ಹಕ್ಕನ್ನು ಕಚೇರಿಯ ಮೇಜಿಗೆ ಒಯ್ದರೆಂಬ ಸಮುದಾಯದ ಸಿಟ್ಟು ನ್ಯಾಯವಾದದ್ದು. ಚಿಕಿತ್ಸೆಗೆ ಮೊದಲಿನ ಮನೋವೈದ್ಯರ ತಪಾಸಣೆಯ ಬಗ್ಗೆಯೂ ಒಮ್ಮತವಿಲ್ಲ. ಹಿಂದಿರುಗಲಾಗದ ಚಿಕಿತ್ಸೆಗೆ ಅದು ರಕ್ಷಣೆ ಎಂದು ಕೆಲವರು, ತಮ್ಮ ಬದುಕಿಗೆ ಬೇರೆಯವರ ಅನುಮತಿ ಏಕೆಂದು ಹಲವರು. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್, ಜನನ ಪ್ರಮಾಣಪತ್ರದಲ್ಲಿ ಹಳೆಯ ಹೆಸರು, ಲಿಂಗಗಳ ಜೊತೆ ಹೊಸದನ್ನೂ ನಮೂದಿಸಿ ಕೊಡಬೇಕೆಂದಿತು. ಹೀಗೆ ಹಳೆಯ ಹೆಸರೂ ಕಾಗದದಲ್ಲಿ ಉಳಿಯಿತು.

ಮಕ್ಕಳ ವಿಷಯ ಬೇರೆ. ಇಲ್ಲಿ ಭಿನ್ನಮತ ಆಳವಾದದ್ದು. ಮೈನೆರೆಯುವುದನ್ನು ಮುಂದೂಡುವ ಔಷಧವನ್ನು ಲಿಂಗತ್ವ ತಳಮಳದ ಮಕ್ಕಳಿಗೆ ಕೊಡುವ ಪದ್ಧತಿ 1990ರ ದಶಕದಲ್ಲಿ ನೆದರ್ಲೆಂಡ್ಸ್‌ನಲ್ಲಿ ರೂಪುಗೊಂಡಿತು. ಅದು ಸಂಕಟ ತಗ್ಗಿಸಿ ಯೋಚನೆಗೆ ಸಮಯ ಕೊಡುತ್ತದೆ ಎಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯಂಥ ಸಂಸ್ಥೆಗಳ ನಿಲುವು. ಪುರಾವೆ ದುರ್ಬಲವೆಂದು 2024ರಲ್ಲಿ ಬ್ರಿಟನ್ನಿನ ಹಿಲರಿ ಕ್ಯಾಸ್ ವರದಿ ಹೇಳಿತು; ಫಿನ್‌ಲ್ಯಾಂಡ್, ಸ್ವೀಡನ್ ಅದಕ್ಕೂ ಮೊದಲೇ ನಿಯಮ ಬಿಗಿ ಮಾಡಿದ್ದವು. ಅಪ್ರಾಪ್ತರಿಗೆ ಈ ಚಿಕಿತ್ಸೆ ನಿಷೇಧಿಸಿದ ಟೆನೆಸಿ ರಾಜ್ಯದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 2025ರ ಜೂನ್‌ನಲ್ಲಿ ಎತ್ತಿಹಿಡಿಯಿತು.

ನಮ್ಮ ನ್ಯಾಯಾಲಯಗಳ ಮುಂದೆ ಬಂದದ್ದು ಹೆಚ್ಚಾಗಿ ಹುಟ್ಟಿನಲ್ಲೇ ಗಂಡೋ ಹೆಣ್ಣೋ ಎಂದು ಸ್ಪಷ್ಟವಾಗಿ ಹೇಳಲಾಗದ ಅಂತರಲಿಂಗಿ ಶಿಶುಗಳ ಪ್ರಶ್ನೆ. ಅಲ್ಲಿ ಆತುರ ಹೆತ್ತವರದು. ಅಂಥ ಶಿಶುಗಳನ್ನು ಗಂಡೋ ಹೆಣ್ಣೋ ಮಾಡುವ ಶಸ್ತ್ರಚಿಕಿತ್ಸೆಗೆ ಮದ್ರಾಸ್ ಹೈಕೋರ್ಟ್ 2019ರಲ್ಲಿ ತಡೆ ಹಾಕಿತು. 2023ರಲ್ಲಿ ಕೇರಳ ಹೈಕೋರ್ಟ್, ಏಳು ವರ್ಷದ ಮಗುವಿನ ಹೆತ್ತವರು ಕೇಳಿದ ಅನುಮತಿ ಕೊಡಲಿಲ್ಲ. ಮಗುವಿನ ಸಮ್ಮತಿಯಿಲ್ಲದ ಚಿಕಿತ್ಸೆ ಅದರ ಘನತೆಗೆ ಧಕ್ಕೆ ಎಂದಿತು.

ಲಿಂಗತ್ವ ತಳಮಳದ ಹದಿಹರೆಯದವರಿಗೆ ಯಾವ ವಯಸ್ಸಿನಲ್ಲಿ ಯಾವ ಚಿಕಿತ್ಸೆ ಎಂಬುದನ್ನು 2019ರ ಕಾಯ್ದೆ ಹೇಳುವುದಿಲ್ಲ. ಗುರುತಿನ ಅರ್ಜಿಯನ್ನಂತೂ ಅಪ್ರಾಪ್ತರ ಪರವಾಗಿ ಹೆತ್ತವರೋ ಪೋಷಕರೋ ಹಾಕಬೇಕು. ಮನೆಯವರಿಂದ ನೋಡಿಕೊಳ್ಳಲಾಗದ ಮಕ್ಕಳನ್ನು ನ್ಯಾಯಾಲಯ ಪುನರ್ವಸತಿ ಕೇಂದ್ರಕ್ಕೆ ಕಳುಹಿಸಬೇಕೆಂದು ಅದೇ ಕಾಯ್ದೆಯ 12ನೇ ಕಲಂ ಹೇಳುತ್ತದೆ.