ಅಜ್ಜಿಯ ಬೂದಿ ಮತ್ತು ಅಮೆರಿಕದ ಮೊದಲ ಪೇಟೆಂಟು

ಕಳೆದ ವಾರ ಆಫೀಸಿನಲ್ಲಿ ಪೇಟೆಂಟ್ ಬಗ್ಗೆ ಒಂದು ಟ್ರೈನಿಂಗ್ ಇತ್ತು. ಅಮೆರಿಕದ ಮೊಟ್ಟಮೊದಲ ಪೇಟೆಂಟ್ ಯಾವುದಕ್ಕೆ ಗೊತ್ತಾ? ಬೂದಿಗೆ! 1790ರ ಜುಲೈ 31ರಂದು ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಎಂಬಾತನಿಗೆ, ಸೌದೆ ಬೂದಿಯಿಂದ ಪೊಟ್ಯಾಶ್ ತೆಗೆಯುವ ಸುಧಾರಿತ ವಿಧಾನಕ್ಕೆ ಸಿಕ್ಕಿದ್ದು. ಸಹಿ ಹಾಕಿದವರಲ್ಲಿ ಜಾರ್ಜ್ ವಾಷಿಂಗ್ಟನ್ ಕೂಡ ಒಬ್ಬರು.

ನನಗೆ ತಕ್ಷಣ ನೆನಪಾದದ್ದು ನಮ್ಮಜ್ಜಿ. ಹಿತ್ತಲ ಕಲ್ಲಿನ ಹತ್ತಿರ ಕೂತು, ತೆಂಗಿನ ನಾರಿಗೆ ಬೂದಿ ಮೆತ್ತಿ ಪಾತ್ರೆ ತಿಕ್ಕುತ್ತಿದ್ದರು. ಹಿತ್ತಾಳೆ ತಂಬಿಗೆಗೆ ಮಾತ್ರ ಹುಣಸೆಹಣ್ಣು.

ಬೂದಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟ್ ನೀರಲ್ಲಿ ಕರಗಿದರೆ ಕ್ಷಾರ; ಅದು ಜಿಡ್ಡು ಬಿಡಿಸುತ್ತದೆ. ಯುರೋಪಿನಲ್ಲಿ ಸೋಪಿಗೂ ಗಾಜಿಗೂ ಇದೇ ಬೇಕಿತ್ತು. ಅದಕ್ಕಾಗಿ ಕಾಡು ಕಡಿದು ಸುಟ್ಟರು. 1791ರಲ್ಲಿ ಫ್ರಾನ್ಸಿನ ನಿಕೊಲಾ ಲೆಬ್ಲಾಂ ಉಪ್ಪಿನಿಂದಲೇ ಸೋಡಾ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. 1807ರಲ್ಲಿ ಹಂಫ್ರಿ ಡೇವಿ ಪೊಟ್ಯಾಶ್‌ನಿಂದ ಹೊಸ ಲೋಹ ಬೇರ್ಪಡಿಸಿ ಪೊಟ್ಯಾಸಿಯಂ ಅಂತ ಹೆಸರಿಟ್ಟ. 'ಆಲ್ಕಲಿ' ಪದದ ಮೂಲವೂ ಗಿಡ ಸುಟ್ಟ ಬೂದಿಗೆ ಅರಬ್ಬಿಯಲ್ಲಿರುವ ಹೆಸರೇ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ನನಗೆ ಇದನ್ಯಾರೂ ಹೇಳಿರಲಿಲ್ಲ :)

ಹುಮ್ಮಸ್ಸಿನಲ್ಲಿ ಅಮ್ಮನಿಗೆ ಫೋನ್ ಮಾಡಿ, "ನಾವೂ ಮತ್ತೆ ಬೂದಿ ಬಳಸೋಣಮ್ಮ, ಪುಕ್ಕಟೆ" ಅಂದೆ.

"ಪುಕ್ಕಟೆ ಎಲ್ಲಿಂದ ಬಂತೋ? ಬೂದಿಗಿಂತ ಮುಂಚೆ ಹೊಗೆ ಬರುತ್ತೆ. ಅಜ್ಜಿ ಕೊನೇವರೆಗೂ ಕೆಮ್ಮಿದ್ದು ಮರೆತುಹೋಯ್ತಾ?"

ನನ್ನ ಬಾಯಿ ಕಟ್ಟಿತು. ಉಳಿತಾಯದ ಲೆಕ್ಕ ಹಾಕುವಾಗ ಆ ಕೆಮ್ಮನ್ನು ಬಿಟ್ಟೇಬಿಟ್ಟಿದ್ದೆ. ಬೂದಿ ಹೋಯಿತು, ಒಳ್ಳೆಯದೇ ಆಯಿತು. ತೆಂಗಿನ ನಾರು ಮಾತ್ರ ಇವತ್ತಿಗೂ ನಮ್ಮ ಸಿಂಕಿನ ಪಕ್ಕದಲ್ಲಿದೆ..