ಒಂದು ಧ್ವನಿಗೆ ಎರಡು ಹೆಸರು: ಸಿ.ಡಿ. ಯುಗದ ಕಡತನಾಮಗಳು ಮತ್ತು ಭಾಷಾ ದತ್ತಾಂಶ

ಕ್ಷೇತ್ರಕಾರ್ಯದ ಧ್ವನಿಮುದ್ರಣವೊಂದನ್ನು ಪ್ರಬಂಧದಲ್ಲಿ ಉಲ್ಲೇಖಿಸುವಾಗ ನಾವು ಸಾಮಾನ್ಯವಾಗಿ ಅದರ ಕಡತದ ಹೆಸರನ್ನೇ ಕೊಡುತ್ತೇವೆ. ಹೆಸರು ಬದಲಾಗದು ಎಂಬ ನಂಬಿಕೆ ಇದರ ಹಿಂದಿದೆ. 1990ರ ದಶಕದ ನಡುವಿನಿಂದ ಸಿ.ಡಿ.ಗಳಲ್ಲಿ ಸಂಗ್ರಹವಾದ ದತ್ತಾಂಶಕ್ಕೆ ಈ ನಂಬಿಕೆ ಸಲ್ಲುವುದಿಲ್ಲ. ಅಂಥ ತಟ್ಟೆಗಳಲ್ಲಿ ಒಂದೇ ಧ್ವನಿಗೆ ಎರಡು, ಕೆಲವೊಮ್ಮೆ ಮೂರು ಹೆಸರುಗಳಿರುತ್ತವೆ. ಅವುಗಳಲ್ಲಿ ಯಾವುದು ಕಾಣಿಸುತ್ತದೆ ಎಂಬುದನ್ನು ಓದುವ ಯಂತ್ರವೇ ನಿರ್ಧರಿಸುತ್ತದೆ. ಈ ವ್ಯವಸ್ಥೆ ರೂಪುಗೊಂಡ ಬಗೆಯನ್ನೂ ಅದರಿಂದ ನಮ್ಮ ಶಿಸ್ತಿಗೆ ಆದ ನಷ್ಟವನ್ನೂ ಇಲ್ಲಿ ಪರಿಶೀಲಿಸುತ್ತೇವೆ.

1985ರ ನವೆಂಬರಿನಲ್ಲಿ ಅಮೆರಿಕದ ಟಾಹೋ ಸರೋವರದ ಬಳಿಯ ಹೈ ಸಿಯೆರಾ ಹೋಟೆಲಿನಲ್ಲಿ ಕಂಪ್ಯೂಟರ್ ಉದ್ಯಮದ ಪ್ರತಿನಿಧಿಗಳು ಸಭೆ ಸೇರಿ, ಎಲ್ಲ ಯಂತ್ರಗಳೂ ಓದಬಲ್ಲ ಸಿ.ಡಿ. ವಿನ್ಯಾಸವೊಂದರ ಚರ್ಚೆ ಆರಂಭಿಸಿದರು. ಅದು ತಿದ್ದುಪಡಿಗೊಂಡು 1988ರಲ್ಲಿ ಐಎಸ್ಒ 9660 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಅದರ ಮೊದಲ ಸ್ತರದಲ್ಲಿ ಹೆಸರಿಗೆ ಎಂಟು ಅಕ್ಷರ, ಬಾಲಕ್ಕೆ ಮೂರು. ಬಳಸಬಹುದಾದ ಚಿಹ್ನೆಗಳು ಮೂವತ್ತೇಳು ಮಾತ್ರ: ರೋಮನ್ ಲಿಪಿಯ ಇಪ್ಪತ್ತಾರು ದೊಡ್ಡಕ್ಷರ, ಹತ್ತು ಅಂಕಿ ಮತ್ತು ಅಡಿಗೆರೆ. ಫೋಲ್ಡರಿನೊಳಗೆ ಫೋಲ್ಡರ್ ಎಂಟು ಹಂತ ಮೀರುವಂತಿಲ್ಲ. ಡಾಸ್, ಯುನಿಕ್ಸ್, ವಿಎಂಎಸ್, ಮೆಕಿಂಟಾಷ್ ಎಲ್ಲಕ್ಕೂ ಸಮಾನವಾದ ಅತ್ಯಲ್ಪ ಅಂಶವನ್ನು ಹೆಕ್ಕಿದಾಗ ಉಳಿದದ್ದು ಇಷ್ಟೇ.

ಈ ಇಕ್ಕಟ್ಟಿನಲ್ಲಿ ಭಾಷಾವಿಜ್ಞಾನ ಹೇಗೆ ಬದುಕಿತು ಎಂಬುದಕ್ಕೆ 1990ರಲ್ಲಿ ಸಿ.ಡಿ.ಯಾಗಿ ಹೊರಬಂದ ಟಿಮಿಟ್ ಧ್ವನಿಕೋಶ ಉತ್ತಮ ನಿದರ್ಶನ. ಅಮೆರಿಕನ್ ಇಂಗ್ಲಿಷಿನ ಎಂಟು ಉಪಭಾಷಾ ವಿಭಾಗಗಳ 630 ಭಾಷಿಕರು ತಲಾ ಹತ್ತು ವಾಕ್ಯಗಳನ್ನು ಓದಿದ 6300 ಉಚ್ಚಾರಗಳು ಅದರಲ್ಲಿವೆ. ಪ್ರತಿ ಭಾಷಿಕರಿಗೂ ಐದು ಚಿಹ್ನೆಗಳ ಸಂಕೇತ: ಮೊದಲನೆಯದು ಲಿಂಗ, ಮುಂದಿನ ಮೂರು ಹೆಸರಿನ ಆದ್ಯಕ್ಷರಗಳು, ಕೊನೆಯದು ಒಂದೇ ಆದ್ಯಕ್ಷರದವರನ್ನು ಬೇರ್ಪಡಿಸುವ ಅಂಕಿ. ಉಪಭಾಷೆ ಮೇಲಿನ ಫೋಲ್ಡರಿಗೆ ಹೋಯಿತು, ವಾಕ್ಯದ ಸಂಖ್ಯೆ ಕಡತಕ್ಕೆ ಬಂತು, ವಿಶ್ಲೇಷಣೆಯ ಬಗೆ ಬಾಲಕ್ಕೆ ಸೇರಿತು. ಇದೊಂದು ಸ್ಥಾನನಿಯತವಾದ ಆಕೃತಿಮಾ ರಚನೆಯೇ ಸರಿ. ಕನ್ನಡ ಕ್ರಿಯಾಪದದ ಕೊನೆಯಲ್ಲಿ ಲಿಂಗವಚನಗಳು ಬರುವಂತೆ ಇಲ್ಲಿ ಲಿಂಗ ಕಡ್ಡಾಯ. ವಯಸ್ಸು, ವಿದ್ಯಾಭ್ಯಾಸಗಳಿಗೆ ಹೆಸರಿನೊಳಗೆ ಸ್ಥಾನವಿಲ್ಲ. ಅವು ಬೇರೊಂದು ಪಟ್ಟಿಯಲ್ಲಿವೆ. ಆ ಪಟ್ಟಿಯ ಹೆಸರೂ ನೋಡತಕ್ಕದ್ದು: ‘ಸ್ಪೀಕರ್’ ಎಂಬ ಇಂಗ್ಲಿಷ್ ಪದದ ಸ್ವರಗಳನ್ನೆಲ್ಲ ಕಳೆದು ಉಳಿದ ನಾಲ್ಕು ವ್ಯಂಜನಗಳಿಗೆ ‘ಇನ್ಫೋ’ದ ನಾಲ್ಕನ್ನು ಸೇರಿಸಿ ಸರಿಯಾಗಿ ಎಂಟು ಮಾಡಲಾಗಿದೆ. ಮಾನಕವೇ ಈ ವರ್ಗೀಕರಣವನ್ನು ಹುಟ್ಟಿಸಿತೆಂದರೆ ಅತಿಯಾದೀತು. ಆದರೆ ಯಾವ ವರ್ಗ ಕಣ್ಣೆದುರು ಉಳಿಯಬೇಕು, ಯಾವುದು ಅನುಬಂಧಕ್ಕೆ ಸರಿಯಬೇಕು ಎಂಬ ನಿರ್ಣಯ ಈ ಎಂಟು ಮನೆಗಳ ಒಳಗೇ ನಡೆದಿದೆ.

ವಿಂಡೋಸ್ 95 ಬಂದ ಮೇಲೆ ಬಳಕೆದಾರರು ದೀರ್ಘ ಹೆಸರುಗಳಿಗೆ ಒಗ್ಗಿದರು. ಹಳೆಯ ಯಂತ್ರಗಳನ್ನು ಕೈಬಿಡುವಂತೆಯೂ ಇರಲಿಲ್ಲ. ಮೈಕ್ರೋಸಾಫ್ಟ್ 1995ರಲ್ಲಿ ಮುಂದಿಟ್ಟ ಜೋಲಿಯೆಟ್ ಇದಕ್ಕೆ ಸರಳ ಉಪಾಯ ಹೂಡಿತು. ತಟ್ಟೆಯಲ್ಲಿ ಎರಡು ಹೆಸರುಪಟ್ಟಿಗಳು: ಮೂಲ ಮಾನಕದ ಗಿಡ್ಡ ಹೆಸರುಗಳದೊಂದು, ಅರುವತ್ತನಾಲ್ಕು ಚಿಹ್ನೆಗಳವರೆಗಿನ ದೀರ್ಘ ಹೆಸರುಗಳದಿನ್ನೊಂದು. ಎರಡೂ ತೋರುವುದು ಅದೇ ಧ್ವನಿಯನ್ನೇ; ಧ್ವನಿಯ ಎರಡನೆಯ ಪ್ರತಿ ಇರುವುದಿಲ್ಲ. ಡಾಸ್ ಮೊದಲನೆಯದನ್ನು ಓದಿ ಎರಡನೆಯದು ಇದೆಯೆಂದೇ ಅರಿಯದು. ಯುನಿಕ್ಸ್ ಬಳಗದ ರಾಕ್ ರಿಜ್ ಇನ್ನೊಂದು ದಾರಿ ಹಿಡಿದಿತ್ತು. ಅಲ್ಲಿ ಗಿಡ್ಡ ಹೆಸರಿನ ದಾಖಲೆಯ ಬೆನ್ನಿಗೇ ದೀರ್ಘ ಹೆಸರು ಅಂಟಿಕೊಂಡಿರುತ್ತದೆ.

ಜೋಲಿಯೆಟ್ ಹೆಸರುಗಳು ಹದಿನಾರು ಬಿಟ್ಟುಗಳ ಸಾರ್ವತ್ರಿಕ ಸಂಕೇತದಲ್ಲಿರುತ್ತವೆ. 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿದ್ದುದರಿಂದ, ತತ್ತ್ವತಃ 1995ರಿಂದಲೇ ಸಿ.ಡಿ.ಯ ಕಡತಕ್ಕೆ ಕನ್ನಡದ ಹೆಸರಿಡಬಹುದಿತ್ತು. ಮಿತಿ ಎಣಿಸುವುದು ಮಾತ್ರ ಸಂಕೇತಗಳನ್ನು, ನಮ್ಮ ಅಕ್ಷರಗಳನ್ನಲ್ಲ: ‘ಸ್ತ್ರೀ’ ನಮಗೆ ಒಂದಕ್ಷರ, ತಟ್ಟೆಗೆ ಆರು. ಆಚರಣೆಯಲ್ಲಿ ಆ ಹಂತಕ್ಕೂ ಬರಲಾಗಲಿಲ್ಲ. ವಿಂಡೋಸ್ ಕನ್ನಡ ಲಿಪಿಯನ್ನು ಬೆಂಬಲಿಸಿದ್ದು 2001ರ ಎಕ್ಸ್‌ಪಿಯಿಂದ. ಅದಕ್ಕೆ ಮುಂಚೆ ಫಾಂಟ್ ಆಧಾರಿತ ಸಂಕೇತದಲ್ಲಿ ಟೈಪಿಸಿದ ಕನ್ನಡ, ಕಡತದ ಹೆಸರಾದೊಡನೆ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುತ್ತಿತ್ತು.

ಹಾಗಾಗಿ ನಾವೆಲ್ಲ ರೋಮನ್ ಲಿಪ್ಯಂತರಕ್ಕೆ ಶರಣಾದೆವು. ನಿಜವಾದ ತೊಡಕು ಇಲ್ಲಿಯೇ. ರೂಢಿಯ ಲಿಪ್ಯಂತರದಲ್ಲಿ ದಂತ್ಯ ಲಕಾರಕ್ಕೆ ಸಣ್ಣಕ್ಷರ, ಮೂರ್ಧನ್ಯ ಳಕಾರಕ್ಕೆ ದೊಡ್ಡಕ್ಷರ. ನಕಾರ ಣಕಾರಗಳಿಗೂ ಹಾಗೆಯೇ. ಗಿಡ್ಡ ಹೆಸರುಪಟ್ಟಿಯಲ್ಲಾದರೋ ಇರುವುದು ದೊಡ್ಡಕ್ಷರಗಳು ಮಾತ್ರ. ‘ಕಾಲು’ ಮತ್ತು ‘ಕಾಳು’, ‘ಬಲಿ’ ಮತ್ತು ‘ಬಳಿ’, ‘ಆನೆ’ ಮತ್ತು ‘ಆಣೆ’ ಅಲ್ಲಿ ಒಂದೇ ಆಗುತ್ತವೆ. ಯಾವ ಧ್ವನಿಮಾ ಭೇದವನ್ನು ಸ್ಥಾಪಿಸಲು ಕನಿಷ್ಠ ಜೋಡಿಗಳನ್ನು ಮುದ್ರಿಸಿಕೊಂಡೆವೋ ಆ ಭೇದವೇ ಹೆಸರಿನಿಂದ ಅಳಿದುಹೋಗುತ್ತದೆ. ಎರಡು ಕಡತಗಳಿಗೆ ಒಂದೇ ಹೆಸರು ಸಲ್ಲದಾದ್ದರಿಂದ ತಟ್ಟೆ ಬರೆಯುವ ತಂತ್ರಾಂಶ ಒಂದಕ್ಕೆ ‘000’ ಎಂಬಂಥ ಅಂಕಿ ಸೇರಿಸಿ ಬೇರ್ಪಡಿಸುತ್ತದೆ. ಅಂಕಿ ಬಿದ್ದದ್ದು ಲಕಾರಕ್ಕೋ ಳಕಾರಕ್ಕೋ ಎಂದು ಹೆಸರು ನೋಡಿ ಹೇಳಲು ಬರುವುದಿಲ್ಲ.

ಇದು ಊಹೆಯ ಮಾತಲ್ಲ. ನಾವು ಪರಿಶೀಲಿಸಿದ ಹಳೆಯ ಪ್ರಬಂಧವೊಂದರ ಅಡಿಟಿಪ್ಪಣಿಗಳಲ್ಲಿ ಗಿಡ್ಡ ಹೆಸರುಗಳಿದ್ದವು. ಅದರ ಕರ್ತೃ ತಟ್ಟೆಯನ್ನು ಓದಿದ್ದು ಡಾಸ್ ಯಂತ್ರದಲ್ಲಿ. ಸಂಗ್ರಾಹಕರು ಮುಂದೆ ಲಿನಕ್ಸ್ ಯಂತ್ರದಿಂದ ಕಡತಗಳನ್ನಷ್ಟೇ ನಕಲು ಮಾಡಿ ತಟ್ಟೆಯನ್ನು ವಿಲೇವಾರಿ ಮಾಡಿದ್ದರು. ನಕಲಿನಲ್ಲಿ ಉಳಿದದ್ದು ದೀರ್ಘ ಹೆಸರುಗಳು ಮಾತ್ರ. ಎಂಕೆಐಸೋಎಫ್‌ಎಸ್ ತಂತ್ರಾಂಶ, ಬರೆಯುವವರು ಬಯಸಿದರೆ, ಪ್ರತಿ ಫೋಲ್ಡರಿನಲ್ಲೂ ಎರಡೂ ಹೆಸರುಗಳನ್ನು ಹೊಂದಿಸಿ ತೋರಿಸುವ ಚಿಕ್ಕ ಪಟ್ಟಿಯೊಂದನ್ನು ಇಡುತ್ತದೆ. ಈ ತಟ್ಟೆಯಲ್ಲಿ ಅದೂ ಇತ್ತಂತೆ, ಕಸವೆಂದು ಅಳಿಸಲಾಗಿತ್ತು. ಅಡಿಟಿಪ್ಪಣಿ ಯಾವ ಉಚ್ಚಾರವನ್ನು ಸೂಚಿಸುತ್ತದೆಂದು ತಿಳಿಯಲು ನಾವು ಜೋಡಿಗಳನ್ನು ಒಂದೊಂದಾಗಿ ಆಲಿಸಬೇಕಾಯಿತು. ಲಕಾರ ಳಕಾರಗಳು ಸಮೀಪಿಸುತ್ತಿವೆಯೇ ಎಂಬುದೇ ಆ ಪ್ರಬಂಧದ ವಾದವಾಗಿದ್ದುದರಿಂದ, ನಮ್ಮ ಕಿವಿಯ ತೀರ್ಪನ್ನು ಸಾಕ್ಷ್ಯವಾಗಿ ಬಳಸುವುದು ವೃತ್ತಾಕಾರದ ತರ್ಕವಾಗುತ್ತಿತ್ತು. ನಾಲ್ಕು ಜೋಡಿಗಳನ್ನು ಅನಿರ್ಣೀತವೆಂದೇ ಬಿಟ್ಟೆವು.

ತಟ್ಟೆಗಳು ಇನ್ನೂ ಉಳಿದಿರುವಲ್ಲಿ ಕಡತಗಳನ್ನಷ್ಟೇ ನಕಲು ಮಾಡದೆ ಇಡೀ ತಟ್ಟೆಯ ಪ್ರತಿಬಿಂಬವನ್ನು ತೆಗೆದಿರಿಸಬೇಕು. ಆಗ ಎಲ್ಲ ಹೆಸರುಪಟ್ಟಿಗಳೂ ಇದ್ದಂತೆಯೇ ಉಳಿಯುತ್ತವೆ. ಲಿನಕ್ಸಿನಲ್ಲಿ ಅದೇ ಪ್ರತಿಬಿಂಬವನ್ನು ಮೊದಲು ಸಹಜವಾಗಿ, ಆಮೇಲೆ ರಾಕ್ ರಿಜ್ ಹಾಗೂ ಜೋಲಿಯೆಟ್‌ಗಳನ್ನು ನಿರಾಕರಿಸುವ ಆಯ್ಕೆಗಳೊಡನೆ ತೆರೆದರೆ ದೀರ್ಘ ಮತ್ತು ಗಿಡ್ಡ ಹೆಸರುಗಳೆರಡೂ ಸಿಗುತ್ತವೆ. ಎರಡೂ ಪಟ್ಟಿಗಳಲ್ಲಿ ಪ್ರತಿ ಕಡತ ತಟ್ಟೆಯ ಮೇಲೆ ಆರಂಭವಾಗುವ ಸ್ಥಾನವನ್ನು ಹೋಲಿಸಿದರೆ ಯಾವ ಗಿಡ್ಡ ಹೆಸರು ಯಾವ ದೀರ್ಘ ಹೆಸರಿನದೆಂದು ಧ್ವನಿಯನ್ನು ಆಲಿಸದೆಯೇ ಗೊತ್ತುಮಾಡಬಹುದು.