ಬಾರಕೂರಿನ ಕೇರಿಗಳು ಹೇಳುವ ಪಾಠ

ನಮ್ಮ ಕೊಕ್ಕರ್ಣೆಗೆ ಹೆಚ್ಚು ದೂರವಿಲ್ಲದ ಬಾರಕೂರು ಇಂದು ತೆಂಗಿನ ತೋಟ, ಗದ್ದೆಗಳ ನಡುವಿನ ಶಾಂತ ಊರು. ಒಂದು ಕಾಲಕ್ಕೆ ಅದು ಅಳುಪರ ರಾಜಧಾನಿ. ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಆಡಳಿತ ನಡೆದದ್ದೂ ಅಲ್ಲಿಂದಲೇ. ಸೀತಾನದಿ ಅದನ್ನು ಕಡಲ ವ್ಯಾಪಾರಕ್ಕೆ ಜೋಡಿಸಿತ್ತು.

ಆ ಪಟ್ಟಣ ಮೂಡುಕೇರಿ, ಕೋಟೆಕೇರಿ, ಚೌಳಿಕೇರಿ, ಮಣಿಗಾರಕೇರಿ ಮುಂತಾದ ಕೇರಿಗಳಾಗಿ ಬೆಳೆದಿತ್ತು. ಶಾಸನಗಳಲ್ಲಿ ಕೇರಿಯ 'ಹಲರು' ಕಾಣಿಸಿಕೊಳ್ಳುತ್ತಾರೆ. ಹಲರು ಎಂದರೆ ಕೇರಿಯ ಪ್ರಮುಖರ ಕೂಟ. ದೇವಸ್ಥಾನಕ್ಕೆ ಬಿಟ್ಟ ದತ್ತಿಯ ವಿಷಯದಲ್ಲಿ ಅವರಿಗೂ ಹೊಣೆಯಿತ್ತು. ಆ ಕೂಟದಲ್ಲಿ ಎಲ್ಲರಿಗೂ ಸ್ಥಾನವಿರಲಿಲ್ಲ ಎಂಬುದನ್ನೂ ನಾವು ಮರೆಯಬಾರದು.

ವಿಜಯನಗರ ಕುಸಿದು ಕೆಳದಿಯವರ ಆಳ್ವಿಕೆ ಬಂದ ಮೇಲೆ ಬಾರಕೂರಿನ ಹಿಂದಿನ ವೈಭವ ಉಳಿಯಲಿಲ್ಲ. ಅರಸರ ಕೋಟೆ ಪಾಳುಬಿದ್ದಿತು. ಆದರೆ ಕೋಟೆಕೇರಿಯ ಪಂಚಲಿಂಗೇಶ್ವರ ದೇವಸ್ಥಾನದಲ್ಲಿ ಇಂದಿಗೂ ಪೂಜೆ ನಡೆಯುತ್ತಿದೆ. ಅರಸರು ಕಟ್ಟಿದ್ದು ಅರಸರೊಂದಿಗೆ ಹೋಯಿತು. ಕೇರಿಯವರು ತಮ್ಮದೆಂದುಕೊಂಡದ್ದು ಉಳಿಯಿತು.

2019ರ ಜನವರಿಯಲ್ಲಿ ಬಾರಕೂರಿನಲ್ಲಿ ಅಳುಪೋತ್ಸವ ನಡೆದಾಗ ಹಳೆಯ ಊರಿನತ್ತ ಮತ್ತೆ ಜನರ ಗಮನ ಹರಿಯಿತು. ಉತ್ಸವ ಮುಗಿದ ಮೇಲೆ ಗುಡಿಯ ಅಂಗಳ ಗುಡಿಸುವುದು, ಕೆರೆಯ ಹೂಳೆತ್ತುವುದು, ಶಾಸನದ ಕಲ್ಲು ಬಟ್ಟೆ ಒಗೆಯುವ ಕಲ್ಲಾಗದಂತೆ ಕಾಯುವುದು ಊರವರ ಪಾಲಿನ ಕೆಲಸ.

ನಮ್ಮ ಸಮೀಪದ ಸೂರಾಲಿನಲ್ಲಿಯೂ ತೊಳಹ ಅರಸರ ಮಣ್ಣಿನ ಅರಮನೆಯಿದೆ. ಮಣ್ಣಿನ ಗೋಡೆ ಒಂದು ಮಳೆಗಾಲ ಮಾಡು ಸೋರಿದರೂ ಕರಗುತ್ತದೆ. ಐವತ್ತು ವರ್ಷ ತುಂಬಿದ ನಮ್ಮ ಶಾಲೆಯ ಮಕ್ಕಳು ಇಂಥ ತಾಣಗಳನ್ನು ಕಂಡು, ಹಿರಿಯರನ್ನು ಕೇಳಿ, ಬರೆದಿಟ್ಟರೆ ಅವರೇ ಇಂದಿನ ಹಲರು. ಈ ಬಾರಿ ಆ ಕೂಟದಲ್ಲಿ ಎಲ್ಲರಿಗೂ ಸ್ಥಾನವಿರಲಿ.